ಕನ್ನಡಿಯ ಹಿಂದಿನ ಚಪ್ಪಾಳೆ

ಜೂನ್ 3

ಅಕ್ಕ,

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನನ್ನ ಅರ್ಧ ಮಾತನ್ನು ನೀನೇ ಮುಗಿಸಿಬಿಡುತ್ತೀಯ, ನಾನು ಹೂಂ ಎಂದು ಇಟ್ಟುಬಿಡುತ್ತೇನೆ. ಕಾಗದದಲ್ಲಿ ಆ ಭಯವಿಲ್ಲ.

ಒಳ್ಳೆಯ ಸುದ್ದಿ. ಆಸ್ಪತ್ರೆಯವರು ನನ್ನ ಮಕ್ಕಳಿಗಾಗಿ ಎರಡನೇ ಮಹಡಿಯ ಹಳೆಯ ಕಡತಗಳ ಕೋಣೆ ಬಿಟ್ಟುಕೊಡುತ್ತಿದ್ದಾರೆ. ನೀನು ಶಾಲೆ, ಗ್ರಂಥಾಲಯ ಎಲ್ಲ ಕಟ್ಟಿಸಿದವಳು. ಇದಕ್ಕೊಂದು ನಕ್ಷೆ ಹಾಕಿಕೊಡುತ್ತೀಯಾ?

ಈ ಮಕ್ಕಳು ಯಾರು ಎಂದು ನಿನಗೆ ವಿವರಿಸಬೇಕಾಗಿಲ್ಲ, ಅಂಥ ಒಬ್ಬಳ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವಳು ನೀನು. ಮನೆಯಲ್ಲಿ ಪಟಪಟ ಮಾತಾಡುತ್ತಾರೆ. ಹೊಸ್ತಿಲು ದಾಟಿದರೆ ಗಂಟಲು ಕಟ್ಟುತ್ತದೆ. ಶಾಲೆಯಲ್ಲಿ ಬಿದ್ದು ಮೊಣಕಾಲು ಒಡೆದರೂ ತುಟಿ ಪಿಟಕ್ಕೆನ್ನುವುದಿಲ್ಲ. ಹಠ, ಕೊಬ್ಬು, ಮುದ್ದು ಹೆಚ್ಚಾಗಿದೆ ಎಂದೆಲ್ಲ ಅನ್ನಿಸಿಕೊಂಡು ಕೊನೆಗೆ ನನ್ನ ಹತ್ತಿರ ಬರುತ್ತಾರೆ. ನಾನು ಬಣ್ಣ, ಜೇಡಿಮಣ್ಣು, ಕತ್ತರಿ ಕೊಟ್ಟು ಪಕ್ಕದಲ್ಲಿ ಕೂರುತ್ತೇನೆ. ಅಷ್ಟೇ ನನ್ನ ಚಿಕಿತ್ಸೆ.

ಈಗ ನಾವು ಕೂರುವುದು ಮೆಟ್ಟಿಲ ಕೆಳಗಿನ ಉಗ್ರಾಣದಲ್ಲಿ. ನಾನು ನೆಟ್ಟಗೆ ನಿಂತರೆ ತಲೆ ತಾಗುತ್ತದೆ. ಗೋಡೆಯಾಚೆ ಆಸ್ಪತ್ರೆಯ ಬಟ್ಟೆ ಒಗೆಯುವ ಯಂತ್ರಗಳು ದಿನವಿಡೀ ಗಡಗಡ ಅನ್ನುತ್ತವೆ. ಆ ಸದ್ದಿನಲ್ಲೇ ಮಕ್ಕಳು ಪಿಸುಗುಟ್ಟುವುದು, ಯಾರಿಗೂ ಕೇಳುವುದಿಲ್ಲ ಎಂಬ ಧೈರ್ಯಕ್ಕೆ. ಎಂಟು ವರ್ಷದ ಒಬ್ಬಳಿದ್ದಾಳೆ. ಮೂರು ತಿಂಗಳು ಬರೀ ಚುಕ್ಕಿ ಇಟ್ಟಳು, ಹಾಗಾಗಿ ನಾನು ಅವಳನ್ನು ಚುಕ್ಕಿ ಎನ್ನುತ್ತೇನೆ. ಈಗ ಚುಕ್ಕಿಗಳ ನಡುವೆ ಗೆರೆ ಬಂದಿದೆ.

ನನಗೆ ಬೇಕಾದ್ದು ಇಷ್ಟು: ಗೋಡೆಗೆ ಮುಖ ಮಾಡಿದ ಉದ್ದ ಮೇಜು, ಅಕ್ಕಪಕ್ಕ ಕೂರಲು. ಒಳಗೇ ಒಂದು ನಲ್ಲಿ. ಬಾಗಿಲ ಹೊರಗೆ ಒಂದು ಬೆಂಚು. ಮೊದಲು ತಾಯಿ ಮಗು ಇಬ್ಬರೇ ಒಳಗಿರುತ್ತಾರೆ, ನಾನು ದಿನಕ್ಕೊಂದು ಅಡಿಯಂತೆ ಆ ಬೆಂಚಿನಿಂದ ಒಳಗೆ ಸರಿಯಬೇಕು.

ತಂಗಿ

ಜೂನ್ 14

ಪ್ರೀತಿಯ ತಂಗಿ,

ನಕ್ಷೆ ಇಟ್ಟಿದ್ದೇನೆ, ನೋಡು. ನಿನ್ನ ಕಾಗದ ಓದಿ ನನಗೆ ಅಳು ಬಂತು ಕಣೆ. ಮೆಟ್ಟಿಲ ಕೆಳಗೆ, ಕೊಳೆ ಬಟ್ಟೆ ಒಗೆಯುವಲ್ಲಿ ಮಕ್ಕಳು! ಅವರನ್ನು ಮೊದಲು ಆ ಬಿಲದಿಂದ ಹೊರಗೆ ತರೋಣ.

ಇಡೀ ಒಂದು ಗೋಡೆ ಗಾಜು. ಬೆಳಕು ಧಾರಾಳ. ನಡುವೆ ದುಂಡು ಮೇಜು, ಎಲ್ಲರೂ ಎಲ್ಲರ ಮುಖ ನೋಡಬಹುದು. ಗೋಡೆ, ಚಾವಣಿಗೆ ಸದ್ದು ಹೀರುವ ಹಲಗೆಗಳು, ಒಂದು ಪಿಸುಮಾತೂ ಸ್ಪಷ್ಟವಾಗಿ ಕೇಳುತ್ತದೆ. ಮೂಲೆಯಲ್ಲಿ ಒಂದು ಪುಟ್ಟ ವೇದಿಕೆ ಇಟ್ಟಿದ್ದೇನೆ, ಮೊದಲ ಮಾತು ಆಡುವ ಮಗುವಿಗೆ.

ಕಳೆದ ವಾರ ನಮ್ಮ ವಾಸ್ತುಶಿಲ್ಪಿಗಳ ಸಂಘದ ಸಭೆಯಲ್ಲಿ ಈ ಯೋಜನೆಯ ಬಗ್ಗೆ ಮಾತಾಡಿದೆ. ನಿನ್ನ ಕಥೆಯನ್ನೂ ಹೇಳಿದೆ. ಹಾಜರಿ ಕರೆಯುವಾಗ ನೀನು ಬಾಯಿ ಬಿಡದೆ ನಿಂತಿದ್ದು, ನಾನು ತರಗತಿಯ ಬಾಗಿಲಲ್ಲಿ ನಿಂತು “ಹೆಸರು ಹೇಳು, ಇಲ್ಲಾಂದ್ರೆ ನಾನು ನಿನ್ನ ಮನೆಗೆ ಕರ್ಕೊಂಡು ಹೋಗಲ್ಲ” ಅಂದಿದ್ದು, ನೀನು ಹೇಳಿಯೇ ಬಿಟ್ಟಿದ್ದು. ಸಭೆಯಲ್ಲಿ ಎಷ್ಟೋ ಜನ ಕಣ್ಣು ಒರೆಸಿಕೊಂಡರು.

ಅಕ್ಕ

ಜೂನ್ 21

ಅಕ್ಕ,

ನಕ್ಷೆ ಚಂದವಿದೆ. ಪತ್ರಿಕೆಯ ಮುಖಪುಟಕ್ಕೆ ಹೇಳಿ ಮಾಡಿಸಿದ ಹಾಗಿದೆ. ನನ್ನ ಮಕ್ಕಳಿಗಲ್ಲ.

ಗಾಜಿನ ಗೋಡೆ ಎಂದರೆ ಹಾದುಹೋಗುವವರೆಲ್ಲ ಇಣುಕುವ ಅಂಗಡಿ. ದುಂಡು ಮೇಜು ಎಂದರೆ ಐದು ಜೊತೆ ಕಣ್ಣು ಒಂದೇ ಮುಖದ ಮೇಲೆ. ಪಿಸುಮಾತೂ ಸ್ಪಷ್ಟವಾಗಿ ಕೇಳುತ್ತದೆ ಎನ್ನುತ್ತೀಯಲ್ಲ, ಈ ಮಕ್ಕಳು ಹೆದರುವುದೇ ಅದಕ್ಕೆ. ಆ ಯಂತ್ರಗಳ ಸದ್ದಿನ ಬಗ್ಗೆ ನಾನು ದೂರು ಹೇಳಿರಲಿಲ್ಲ ಅಕ್ಕ, ಹೊಗಳಿದ್ದೆ. ನೀನು ಓದುವಾಗಲೂ ನನ್ನ ವಾಕ್ಯ ಮುಗಿಸಿಕೊಂಡುಬಿಟ್ಟೆ.

ವೇದಿಕೆಯ ಬಗ್ಗೆ ಏನೂ ಬರೆಯುವುದಿಲ್ಲ. ಬರೆದರೆ ಜಗಳವಾಗುತ್ತದೆ.

ಇನ್ನೊಂದು. ನನ್ನ ಕಥೆಯನ್ನು ಸಭೆಗಳಲ್ಲಿ ಹೇಳಬೇಡ.

ತಂಗಿ

ಜುಲೈ 8

ತಂಗಿ,

ಎರಡು ವಾರ ಸುಮ್ಮನಿದ್ದೆ, ಸಿಟ್ಟು ಇಳಿಯಲಿ ಎಂದು. ಪುಕ್ಕಟೆ ಮಾಡಿಕೊಡುತ್ತಿರುವ ಕೆಲಸಕ್ಕೆ ಇಷ್ಟು ಬೈಗುಳ ಬೇರೆ ಯಾರ ಹತ್ತಿರವೂ ತಿಂದಿಲ್ಲ. ಇರಲಿ, ಒಡಹುಟ್ಟಿದವಳು.

ನೀನು ಹೇಳಿದ್ದಕ್ಕೆ ಗಾಜು ತೆಗೆದಿದ್ದೇನೆ. ಅಲ್ಲಿ ಒಂದು ದೊಡ್ಡ ಕನ್ನಡಿ ಬರುತ್ತದೆ, ಕೋಣೆ ವಿಶಾಲವಾಗಿ ಕಾಣುತ್ತದೆ. ವೇದಿಕೆಯೂ ಇಲ್ಲ. ನಲ್ಲಿ ಹೊರಗಿನ ಕಾರಿಡಾರಿನಲ್ಲೇ ಇರಲಿ, ಕೊಳವೆ ಒಳಗೆ ತರುವುದು ಕಷ್ಟ. ಹಲಗೆಗಳು ಇರುತ್ತವೆ, ಅದರಲ್ಲಿ ನನ್ನ ಮಾತು ಕೇಳು. ಕಟ್ಟಡದ ವಿಷಯ ನನಗೆ ಬಿಡು. ನಿಮ್ಮ ದೊಡ್ಡ ಡಾಕ್ಟರ ಜೊತೆ ನಾನೇ ನೇರವಾಗಿ ಮಾತಾಡುತ್ತಿದ್ದೇನೆ, ನೀನು ತಲೆ ಕೆಡಿಸಿಕೊಳ್ಳಬೇಡ.

ಅಕ್ಕ

ಜುಲೈ 19

ಅಕ್ಕ,

ಗಾಜು ತೆಗೆದಿದ್ದಕ್ಕೆ ಋಣಿ. ಹಿಂದಿನ ಕಾಗದದಲ್ಲಿ ಸ್ವಲ್ಪ ಒರಟಾಗಿ ಬರೆದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅಷ್ಟು ದೊಡ್ಡ ಕನ್ನಡಿ ಯಾಕೆ ಎಂದು ಅರ್ಥವಾಗಲಿಲ್ಲ. ನನ್ನ ಕೆಲವು ಮಕ್ಕಳಿಗೆ ತಮ್ಮ ಮುಖ ತಾವು ನೋಡುವುದೂ ಕಷ್ಟ. ಒಂದು ಪರದೆ ಇಳಿಬಿಟ್ಟರೆ ಆಯಿತು.

ನಾಡಿದ್ದು ತರಬೇತಿಗೆ ಹೊರಡುತ್ತೇನೆ, ಎರಡು ತಿಂಗಳು. ಅಲ್ಲಿಯವರೆಗೆ ಚುಕ್ಕಿಯನ್ನು ಅವಳ ತಾಯಿಯೇ ಮೆಟ್ಟಿಲ ಕೆಳಗೆ ಕೂರಿಸಿಕೊಂಡು ಬಣ್ಣ ಹಚ್ಚಿಸುತ್ತಾರೆ. ಮೊನ್ನೆ ಏನಾಯಿತು ಗೊತ್ತೇ? ನಾನು ಪಕ್ಕದಲ್ಲೇ ಇದ್ದಾಗ ಅವಳು ತಾಯಿಗೆ “ಕೆಂಪು ಮುಗೀತು” ಅಂದಳು. ಏಳು ತಿಂಗಳಿಗೆ ಎರಡು ಪದ. ನಾನು ಕೇಳಿಸದವಳ ಹಾಗೆ ಕಾಗದ ಕತ್ತರಿಸುತ್ತ ಕುಳಿತೆ.

ತಂಗಿ

ಸೆಪ್ಟೆಂಬರ್ 30

ಅಕ್ಕ,

ಉದ್ಘಾಟನೆಯ ದಿನ ನೀನು ಹನ್ನೆರಡರ ರೈಲಿಗೆ ಹೊರಟುಹೋದೆ. ನನ್ನ ಮುಖ ನೋಡದೆ. ಆ ಮಗು ಏನಾಯಿತು ಎಂದು ಈವರೆಗೂ ಕೇಳಿಲ್ಲ. ನಾನೇ ಹೇಳುತ್ತೇನೆ, ಕೊನೆಯವರೆಗೆ ಓದು.

ದೊಡ್ಡ ಡಾಕ್ಟರು ಹಿಂದಿನ ದಿನ ನನಗೆ ಹೇಳಿದ್ದು ಇಷ್ಟು: ಅತಿಥಿಗಳು ಬರುವುದು ಹನ್ನೊಂದಕ್ಕೆ. ಹತ್ತಕ್ಕೆ ಒಂದು ಮಗುವನ್ನು ಕರೆಸಿ, ಕೋಣೆ ರೂಢಿಯಾಗಲಿ, ಹತ್ತೂಮುಕ್ಕಾಲಿಗೆ ಕಳಿಸಿಬಿಡಿ. ನಾನು ನಂಬಿದೆ. ಪರದೆ ಕೇಳಿದ್ದಕ್ಕೆ ನಾಳೆ ಹಾಕಿಸೋಣ ಎಂದರು. ಅದನ್ನೂ ನಂಬಿದೆ.

ಚುಕ್ಕಿ ತಾಯಿಯ ಜೊತೆ ಬಂದಳು. ಕೋಣೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಕುಂಚ ಕಾಗದದ ಮೇಲೆ ಸರಿಯುವುದೂ ಕೇಳುತ್ತಿತ್ತು. ಅವಳು ಮೂರು ಸಲ ಕನ್ನಡಿಯ ಕಡೆ ನೋಡಿದಳು. ಅರ್ಧ ಗಂಟೆ ಒಂದು ಮನೆಯ ಚಿತ್ರ ಬರೆದಳು. ಆಮೇಲೆ ತಾಯಿಯ ಕಡೆ ತಿರುಗಿ, ಪಿಸುಮಾತಿನಲ್ಲಲ್ಲ ಅಕ್ಕ, ಮನೆಯಲ್ಲಿ ಆಡುವ ಹಾಗೆ ಪೂರ್ತಿ ದನಿಯಲ್ಲಿ ಕೇಳಿದಳು: “ಅಮ್ಮಾ, ಬಾಗಿಲು ಎಲ್ಲಿ ಬಿಡ್ಲಿ?”

ಕನ್ನಡಿ ಚಪ್ಪಾಳೆ ತಟ್ಟಿತು.

ಮೊದಲು ಒಂದು ಜೊತೆ ಕೈ. ಹಿಂದೆಯೇ ಇಪ್ಪತ್ತು. ಮಗು ಕನ್ನಡಿಯನ್ನೇ ನೋಡುತ್ತ ಕುಳಿತಳು, ಕುಂಚ ಕೈಯಲ್ಲೇ ಇತ್ತು, ಕೂತಲ್ಲೇ ಒದ್ದೆಯಾದಳು. ಅಷ್ಟರಲ್ಲಿ ಬಾಗಿಲು ತೆರೆದು ದೊಡ್ಡ ಡಾಕ್ಟರು ಹೂಗುಚ್ಛ ಹಿಡಿದು ಬಂದರು, ಹಿಂದೆ ಕ್ಯಾಮೆರಾ. ತಾಯಿ ತನ್ನ ಶಾಲು ಕಿತ್ತು ಮಗುವಿನ ಸೊಂಟಕ್ಕೆ ಸುತ್ತಿ ಎತ್ತಿಕೊಂಡು ಓಡಿದರು. ಆ ಹೆಂಗಸು ನನ್ನ ಕಡೆ ನೋಡಿದ ನೋಟ ನಾನು ಸಾಯುವವರೆಗೆ ಮರೆಯುವುದಿಲ್ಲ. ನನಗೂ ಗೊತ್ತಿತ್ತು ಎಂದುಕೊಂಡಿದ್ದಾರೆ.

ಇಂದಿಗೆ ಮೂರು ದಿನ. ಚುಕ್ಕಿ ಈಗ ಮನೆಯಲ್ಲೂ ಮಾತಾಡುತ್ತಿಲ್ಲ. ತಾಯಿಯ ಹತ್ತಿರ ಇಲ್ಲ, ಅಜ್ಜಿಯ ಹತ್ತಿರ ಇಲ್ಲ, ಸಾಕಿದ ಬೆಕ್ಕಿನ ಹತ್ತಿರವೂ ಇಲ್ಲ. ಅವಳಿಗೆ ಉಳಿದಿದ್ದ ಒಂದೇ ಜಾಗವನ್ನೂ ಕಿತ್ತುಕೊಂಡೆವು.

ಆ ದಿನ ನಾನು ಕನ್ನಡಿಯ ಹಿಂದೆ ಹೋಗಿ ನೋಡಿದೆ. ಆ ಕಡೆಯಿಂದ ಅದು ಕಿಟಕಿ. ಎರಡು ಸಾಲು ಕುರ್ಚಿ, ಪ್ರತಿ ಕುರ್ಚಿಯ ಮೇಲೂ ನೀರಿನ ಬಾಟಲಿ. ಕಚೇರಿಯಲ್ಲಿ ನಕ್ಷೆ ತೆಗೆಸಿದೆ. ‘ವೀಕ್ಷಣಾ ಕೊಠಡಿ’, ಕೆಳಗೆ ನಿನ್ನ ಸಹಿ, ಜುಲೈ 6. “ಗಾಜು ತೆಗೆದಿದ್ದೇನೆ” ಎಂದು ನನಗೆ ಬರೆದದ್ದು 8ಕ್ಕೆ. ಎರಡು ದಿನ ಮೊದಲೇ ಸಹಿ ಹಾಕಿ ಆಮೇಲೆ ನನಗೆ ಸುಳ್ಳು ಬರೆದೆ.

ದೊಡ್ಡ ಡಾಕ್ಟರನ್ನು ಅತಿಥಿಗಳ ಮುಂದೆಯೇ ಬಾಯಿಗೆ ಬಂದ ಹಾಗೆ ಬೈದೆ. ಮೊದಲು ಚಪ್ಪಾಳೆ ತಟ್ಟಿದ ಆ ಕೈಗೆ ನಾಚಿಕೆಯಾಗಬೇಕು ಎಂದೆ. ನನಗೆ ಕಾರಣ ಕೇಳಿ ನೋಟಿಸ್ ಬಂದಿದೆ, ಕೆಲಸ ಹೋದರೂ ಹೋದೀತು. ಹೋಗಲಿ.

ತಂಗಿ

ಅಕ್ಟೋಬರ್ 8

ತಂಗಿ,

ಪಾಪ, ಆ ಮಗು. ಚಪ್ಪಾಳೆ ತಟ್ಟಬಾರದು ಎಂದು ಆ ಮನುಷ್ಯನಿಗೆ ಯಾರಾದರೂ ಮೊದಲೇ ಹೇಳಬೇಕಿತ್ತು.

ಕನ್ನಡಿಯ ವಿಷಯ ನಿನಗೆ ಪೂರ್ತಿ ಬಿಡಿಸಿ ಹೇಳಲಿಲ್ಲ, ಒಪ್ಪುತ್ತೇನೆ. ವೀಕ್ಷಣಾ ಕೊಠಡಿ ಇಲ್ಲದಿದ್ದರೆ ಕೋಣೆಯೇ ಇಲ್ಲ ಎಂದರು ನಿಮ್ಮವರು. ಏನೂ ಸಿಗದಿರುವುದಕ್ಕಿಂತ ಇದು ವಾಸಿ ಎಂದುಕೊಂಡೆ. ಆಮೇಲೆ, ಗಾಜು ತೆಗೆದದ್ದು ನಿಜವೇ ತಾನೇ? ಮಗುವಿನ ಕಡೆಯಿಂದ ಅದು ಕನ್ನಡಿಯೇ.

ಒಂದು ದಿನದ ಎಡವಟ್ಟಿಗೆ ಕೋಣೆಯನ್ನು ದೂರಬೇಡ. ಈ ಮಕ್ಕಳಿಗೆ ಸ್ವಲ್ಪ ನೂಕು ಬೇಕಾಗುತ್ತದೆ. ಆ ಹಾಜರಿಯ ದಿನ ನಾನು ನಿನ್ನನ್ನು ನೂಕದಿದ್ದರೆ ಇವತ್ತು ನೀನು ನನ್ನನ್ನು ಹೀಗೆ ಬೈಯಲೂ ಆಗುತ್ತಿರಲಿಲ್ಲ ಅಲ್ಲವೇ?

ಕೊನೆಯದಾಗಿ ಒಂದು ವಿಷಯ, ಕೋಪ ಮಾಡಿಕೊಳ್ಳದೆ ಓದು. ಈ ಕೋಣೆಯನ್ನು ವರ್ಷದ ವಿನ್ಯಾಸ ಪ್ರಶಸ್ತಿಗೆ ಕಳಿಸಿದ್ದೆವು, ಕೊನೆಯ ಸುತ್ತಿಗೆ ಬಂದಿದೆ. ಬಳಸುವವರ ಅಭಿಪ್ರಾಯ ಎಂದು ಅರ್ಧ ಪುಟ ಬೇಕಂತೆ. ಪ್ರಶಸ್ತಿ ಬಂದರೆ ನಿನ್ನ ನೋಟಿಸ್ ಕೂಡ ತಾನಾಗಿಯೇ ಮುಚ್ಚಿಹೋಗುತ್ತದೆ. ಬರೆದುಕೊಡುತ್ತೀಯಾ?

ಅಕ್ಕ

ಅಕ್ಟೋಬರ್ 13

ಅಕ್ಕ,

ಅರ್ಧ ಪುಟ ಕೇಳಿದ್ದೀಯ. ತೆಗೆದುಕೋ.

ಹಾಜರಿಯ ದಿನ ನೀನು ಬಾಗಿಲಲ್ಲಿ ನಿಂತು ಆ ಮಾತು ಹೇಳಿದಾಗ ನನಗೆ ಆರು ವರ್ಷ. ಮನೆಯ ದಾರಿ ನನಗೆ ಗೊತ್ತಿರಲಿಲ್ಲ. ನೀನು ಬಿಟ್ಟುಹೋದರೆ ಯಾರನ್ನೂ ಕೇಳಲು ನನ್ನಿಂದ ಆಗುತ್ತಿರಲಿಲ್ಲ. ಆ ಹೆದರಿಕೆಗೆ ಹೆಸರು ಹೊರಬಿತ್ತು. ಹೇಳಿದ್ದಲ್ಲ, ವಾಂತಿಯಾದ ಹಾಗೆ ಬಂದದ್ದು. ಇಡೀ ತರಗತಿ ಚಪ್ಪಾಳೆ ತಟ್ಟಿತು, ನೀನೂ ತಟ್ಟಿದೆ. ನಿನ್ನ ಕಥೆ ಅಲ್ಲಿಗೆ ಮುಗಿಯುತ್ತದೆ.

ನನ್ನದು ಮುಗಿಯಲಿಲ್ಲ. ಅಂದಿನಿಂದ ಎರಡು ವರ್ಷ ಶಾಲೆಯಲ್ಲಿ ನಾನು ಒಂದಕ್ಷರ ಆಡಲಿಲ್ಲ. ಮೊದಲ ತಿಂಗಳು ಮನೆಯಲ್ಲಿ ನಿನ್ನ ಜೊತೆಯೂ ಮಾತಾಡಲಿಲ್ಲ. ನೀನು ಗಮನಿಸಲೇ ಇಲ್ಲ, ಯಾಕೆಂದರೆ ನಮ್ಮಿಬ್ಬರ ಪಾಲಿನ ಮಾತನ್ನೂ ನೀನೇ ಆಡುತ್ತಿದ್ದೆ. ಅಮ್ಮ ಕೇಳಿದರೆ ಉತ್ತರ ನೀನು ಕೊಡುತ್ತಿದ್ದೆ. ಹಸಿವೆಯಾ, ಇಲ್ಲ ಅಮ್ಮ ಅವಳಿಗೆ ಹಸಿವಿಲ್ಲ. ನನಗೆ ಹಸಿವಿರುತ್ತಿತ್ತು.

ನನಗೆ ಹೊರಗೆ ಮಾತು ಬಂದದ್ದು ಪಕ್ಕದ ಮನೆಯ ಹೊಲಿಗೆ ಅತ್ತೆಯ ಹತ್ತಿರ. ಚಿಂದಿ ಬಟ್ಟೆ ಕೊಟ್ಟು ತಮ್ಮ ಯಂತ್ರದ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಒಂದು ಪ್ರಶ್ನೆ ಕೇಳಲಿಲ್ಲ, ತಲೆ ಎತ್ತಿ ನೋಡಲಿಲ್ಲ. ಒಂದು ದಿನ ನಾನಾಗಿಯೇ ದಾರ ಕೇಳಿದೆ. ಅವರು ದಾರ ಕೊಟ್ಟು ಹೊಲಿಯುತ್ತಲೇ ಇದ್ದರು. ಅವರ ಬಗ್ಗೆ ಯಾವ ಸಭೆಯಲ್ಲೂ ಯಾರೂ ಮಾತಾಡಿಲ್ಲ. ನನ್ನ ವೃತ್ತಿಯಲ್ಲಿ ನಾನು ಮಾಡುವುದೆಲ್ಲ ಅವರು ಮಾಡಿದ್ದೇ.

ನಾನು ಹೇಳಲಿಲ್ಲ, ತಪ್ಪು ನನ್ನದೂ ಇದೆ. ನಿನಗೆ ಆ ಕಥೆ ಎಷ್ಟು ಇಷ್ಟ ಎಂದು ಗೊತ್ತಿತ್ತು, ಅದಕ್ಕೇ ಇಪ್ಪತ್ತೆಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಆ ಕಥೆಯನ್ನು ನಂಬಿ ನೀನು ಒಂದು ಕೋಣೆ ಕಟ್ಟುತ್ತೀಯ, ಅದರೊಳಗೆ ಒಂದು ಮಗುವನ್ನು ಕೂರಿಸುತ್ತೀಯ ಎಂದು ಗೊತ್ತಿದ್ದರೆ ಎಂದೋ ಹೇಳುತ್ತಿದ್ದೆ.

ಈ ಪುಟವನ್ನು ಪ್ರಶಸ್ತಿಯವರಿಗೆ ಕಳಿಸು. ಧೈರ್ಯವಿಲ್ಲದಿದ್ದರೆ ಹರಿದು ಹಾಕು. ನನಗೆ ಮಾತ್ರ ಇನ್ನು ಬರೆಯಬೇಡ.

ನವೆಂಬರ್ 24

ತಂಗಿ,

ಬರೆಯಬೇಡ ಎಂದಿದ್ದೆ. ಆರು ವಾರ ಬರೆಯಲಿಲ್ಲ. ಇದೊಂದನ್ನು ಓದಿ ಆಮೇಲೆ ಬೇಕಾದರೆ ಒಲೆಗೆ ಹಾಕು.

ಮೊದಲು ಚಪ್ಪಾಳೆ ತಟ್ಟಿದ್ದು ನಾನು.

ದೊಡ್ಡ ಡಾಕ್ಟರಲ್ಲ. ಅವರು ನನ್ನ ಹಿಂದಿನ ಸಾಲಿನಲ್ಲಿದ್ದರು. ಆ ಮಗು ಬಾಯಿ ತೆರೆದ ಕೂಡಲೇ ನನಗೆ ನೀನು ಕಂಡೆ, ತರಗತಿಯಲ್ಲಿ ನಿಂತ ಹಾಗೆ. ಕೈಗಳು ತಾವಾಗಿಯೇ ತಟ್ಟಿಕೊಂಡವು, ಉಳಿದವರು ನನ್ನನ್ನು ನೋಡಿ ತಟ್ಟಿದರು. ಗಾಜಿನಾಚೆ ಮಗುವಿನ ಮುಖ ಬಿಳುಚಿದ್ದನ್ನು ಎಲ್ಲರಿಗಿಂತ ಹತ್ತಿರದಿಂದ ನೋಡಿದವಳು ನಾನೇ. ಹಿಂದಿನ ಬಾಗಿಲಿನಿಂದ ಹೊರಬಿದ್ದು ನಿಲ್ದಾಣಕ್ಕೆ ನಡೆದುಬಿಟ್ಟೆ. ನನ್ನ ರೈಲು ಇದ್ದದ್ದು ಸಂಜೆ ಐದಕ್ಕೆ. ಹನ್ನೆರಡರದ್ದಕ್ಕೆ ಹತ್ತಿದ್ದು ನಿನಗೆ ಸಿಗಬಾರದು ಎಂದು. ಆಮೇಲೆ ನೀನು ಅವರನ್ನು ಬೈದೆ ಎಂದು ಬರೆದಾಗ, ಬೈಸಿಕೊಳ್ಳಲಿ ಎಂದು ಸುಮ್ಮನಿದ್ದೆ. “ಆ ಮನುಷ್ಯನಿಗೆ ಯಾರಾದರೂ ಹೇಳಬೇಕಿತ್ತು” ಎಂದು ಬರೆದ ನನ್ನ ಕೈಯನ್ನು ನೋಡಿಕೊಂಡರೆ ಅಸಹ್ಯವಾಗುತ್ತದೆ.

ಕನ್ನಡಿ ಕೂಡ ಅವರ ಒತ್ತಾಯವಲ್ಲ. ಗಾಜು ಬೇಡವಂತೆ, ಏನು ಮಾಡೋಣ ಎಂದು ಅವರು ಕೇಳಿದರು. ಈ ಉಪಾಯ ಹೇಳಿಕೊಟ್ಟವಳು ನಾನು. ನಿನಗೆ ಇದೆಲ್ಲ ಅರ್ಥವಾಗುವುದಿಲ್ಲ, ನಿನ್ನ ಒಳ್ಳೆಯದು ನನಗೇ ಹೆಚ್ಚು ಗೊತ್ತು ಎಂದುಕೊಂಡಿದ್ದೆ. ಎಂದಿನಿಂದಲೂ ಹಾಗೆಯೇ ಅಂದುಕೊಂಡು ಬಂದಿದ್ದೇನೆ.

ನಿನ್ನ ಆ ಪುಟವನ್ನು ಪ್ರಶಸ್ತಿ ಸಮಿತಿಗೆ ಕಳಿಸಲಿಲ್ಲ, ಅದು ನಿನ್ನದು. ನನ್ನದೇ ಒಂದು ಬರೆದು ಕಳಿಸಿದೆ. ಕೋಣೆಯನ್ನು ಸ್ಪರ್ಧೆಯಿಂದ ವಾಪಸ್ ತೆಗೆದುಕೊಂಡಿದ್ದೇನೆ, ಅದು ಮಗುವಿಗೆ ಹಾನಿ ಮಾಡಿದೆ, ವಿನ್ಯಾಸದ ತಪ್ಪು ನನ್ನದು ಎಂದು. ನನ್ನ ಕಚೇರಿಯ ಪಾಲುದಾರರು ಎರಡು ವಾರದಿಂದ ಮಾತು ಬಿಟ್ಟಿದ್ದಾರೆ. ಜನವರಿಯಿಂದ ಬೇರೆಯಾಗೋಣ ಎಂದಿದ್ದಾರೆ. ನಿಮ್ಮ ಆಸ್ಪತ್ರೆಯ ಆಡಳಿತಕ್ಕೂ ಬರೆದಿದ್ದೇನೆ, ನಕಲು ಇದರ ಜೊತೆ ಇಟ್ಟಿದ್ದೇನೆ. ನಿನಗೆ ಮುಚ್ಚಿಟ್ಟು ಕನ್ನಡಿ ಹಾಕಿಸಿದವಳು, ಚಪ್ಪಾಳೆ ಶುರುಮಾಡಿದವಳು ನಾನು, ನೋಟಿಸ್ ಕೊಡುವುದಾದರೆ ನನಗೆ ಕೊಡಿ ಎಂದಿದ್ದೇನೆ. ಕನ್ನಡಿ ಕೀಳಿಸಿ ಇಟ್ಟಿಗೆ ಗೋಡೆ ಕಟ್ಟಿಸುವುದು ನನ್ನ ಹೊಣೆ ಎಂದೂ ಬರೆದಿದ್ದೇನೆ.

ಆ ಮಗು ಹೇಗಿದ್ದಾಳೆ? ಕೇಳುವ ಹಕ್ಕು ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ಅಕ್ಕ

ಡಿಸೆಂಬರ್ 2

ಅಕ್ಕ,

ಕಾಗದ ಓದಿ ಮೊದಲು ಮಾಡಿದ ಕೆಲಸ, ಕೈಯಲ್ಲಿದ್ದ ಲೋಟವನ್ನು ಗೋಡೆಗೆ ಎಸೆದದ್ದು. ಸ್ಟೀಲಿನದು, ಒಡೆಯಲಿಲ್ಲ. ಅದಕ್ಕೂ ಸಿಟ್ಟು ಬಂತು.

ದೊಡ್ಡ ಡಾಕ್ಟರ ಹತ್ತಿರ ಹೋಗಿ, ಚಪ್ಪಾಳೆಯ ವಿಷಯದಲ್ಲಿ ನಾನು ಬೈದದ್ದು ತಪ್ಪಾಯಿತು, ಉಳಿದದ್ದೆಲ್ಲ ಸರಿಯಾಗಿಯೇ ಬೈದಿದ್ದೇನೆ ಎಂದೆ. ನೋಟಿಸ್ ವಾಪಸ್ ತೆಗೆದುಕೊಂಡಿದ್ದಾರೆ. ಗೋಡೆಗೂ ಒಪ್ಪಿದ್ದಾರೆ. ನಿನ್ನ ಕಾಗದದ ನಕಲು ಬೇರೆ ಕಡೆಗೂ ಹೋಗುತ್ತದೆ ಎಂಬ ಹೆದರಿಕೆ ಅವರಿಗೆ.

ಚುಕ್ಕಿ ಐದು ವಾರ ಮನೆಯಲ್ಲಿ ಮೂಕಿಯಾಗಿದ್ದಳು. ನಾನು ವಾರಕ್ಕೆ ಮೂರು ಸಲ ಅವರ ಮನೆಯ ಹೊರಗಿನ ಮೆಟ್ಟಿಲ ಮೇಲೆ ಕೂತು ಬಂದೆ. ತಾಯಿ ಮೊದಲೆರಡು ವಾರ ಬಾಗಿಲು ತೆಗೆಯಲಿಲ್ಲ. ತಪ್ಪೇನಿಲ್ಲ. ಮೂರನೆಯ ವಾರ ಬಾಗಿಲು ತೆಗೆದು ನಿಂತು ಬೈದರು, ನಾನು ಕೇಳಿಸಿಕೊಂಡೆ. ಆಮೇಲೆ ಒಂದು ಬೆಳಗ್ಗೆ ಅವಳು ಬೆಕ್ಕಿನ ಹತ್ತಿರ ಮಾತಾಡಿದಳಂತೆ. ಈಗ ತಾಯಿಯ ಹತ್ತಿರವೂ ಆಡುತ್ತಾಳೆ. ಕಳೆದ ವಾರ ಮೆಟ್ಟಿಲ ಕೆಳಗಿನ ಉಗ್ರಾಣಕ್ಕೆ ಬಂದಳು. ಮತ್ತೆ ಚುಕ್ಕಿಗಳಿಂದ ಶುರು.

ನನ್ನ ಸಿಟ್ಟು ಹೋಗಿಲ್ಲ. ಹೋಗಿದೆ ಎಂದುಕೊಂಡು ಹಗುರಾಗಬೇಡ. ಆದರೆ ಆ ಕೋಣೆ ಸರಿಯಾಗಬೇಕು, ಅದನ್ನು ಸರಿಮಾಡುವ ಕೈ ನಿನ್ನದೇ. ನಕ್ಷೆ ಹಾಕುವ ಮೊದಲು ಬಂದು ಕೂರು. ನಿನ್ನ ವಿಷಯ ಚುಕ್ಕಿಯ ತಾಯಿಗೆ ಎಲ್ಲ ಹೇಳಿದ್ದೇನೆ. ಒಂದು ದಿನ ಯೋಚಿಸಿ, “ಬರ್ಲಿ, ನೋಡ್ಲಿ” ಅಂದರು. ಎರಡು ವಾರ ಇರುವ ಹಾಗೆ ಬಾ. ಅಳತೆಪಟ್ಟಿ ತರಬೇಡ. ಮೊದಲು ಬಾಗಿಲ ಹೊರಗೆ, ಆಮೇಲೆ ಒಳಗೆ, ಆಮೇಲೆ ಮೇಜಿನ ತುದಿಗೆ. ಅವಳನ್ನು ನೋಡಬೇಡ, ಹೊಗಳಬೇಡ, ಏನೂ ಕೇಳಬೇಡ.

ತಂಗಿ

ಜನವರಿ 18

ತಂಗಿ,

ನಿನ್ನೆ ಊರು ತಲುಪಿದೆ. ನಿನ್ನ ಮನೆಯಲ್ಲಿ ಹದಿನಾಲ್ಕು ದಿನ ಇದ್ದರೂ ಕೆಲವು ಮಾತು ಹೇಳಲಾಗಲಿಲ್ಲ. ನೀನು ಕಾಗದವನ್ನೇ ಯಾಕೆ ಆರಿಸಿಕೊಂಡೆ ಎಂದು ಈಗ ತಿಳಿಯುತ್ತಿದೆ.

ಮೊದಲ ಮೂರು ಸಲ ಬಾಗಿಲ ಹೊರಗೆ ಕಾರಿಡಾರಿನಲ್ಲಿ ಕೂತು ಬೇಸರಕ್ಕೆ ಹುಚ್ಚು ಹಿಡಿಯುವುದೊಂದು ಬಾಕಿ. ಬಾಯಿ ತುರಿಸುತ್ತಿತ್ತು. ನಾಲ್ಕನೆಯ ಸಲ ಒಳಗೆ ಕೂತು ನೀನು ಕೊಟ್ಟ ಬಣ್ಣದ ಕಾಗದ ಕತ್ತರಿಸಿದೆ. ಗೋಡೆಯಾಚೆಯ ಯಂತ್ರ ನಿಂತಾಗಲೆಲ್ಲ ಆ ಮಗುವಿನ ಭುಜ ಬಿಗಿಯುವುದನ್ನು, ಮತ್ತೆ ಶುರುವಾದಾಗ ಸಡಿಲಾಗುವುದನ್ನು ಕಂಡೆ. ಇಪ್ಪತ್ತು ವರ್ಷ ಕೋಣೆ ಕಟ್ಟಿದ್ದೇನೆ, ಒಂದು ಭುಜವನ್ನೂ ಹೀಗೆ ನೋಡಿರಲಿಲ್ಲ.

ಹೊಸ ನಕ್ಷೆ ಇದರ ಜೊತೆಗಿದೆ. ಕನ್ನಡಿ ಕಿತ್ತ ಕಡೆ ಇಟ್ಟಿಗೆ ಗೋಡೆ, ಗೋಡೆಗೆ ಮುಖ ಮಾಡಿದ ಉದ್ದ ಮೇಜು. ನಲ್ಲಿ ಒಳಗೇ ಬರುತ್ತದೆ. ಹಲಗೆಗಳೆಲ್ಲ ತೆಗೆಸಿದ್ದೇನೆ, ಸದ್ದು ಮಾಡುವ ಹಳೆಯ ಫ್ಯಾನು ಒಂದು ಹಾಕಿಸಬೇಕು. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ಗೀಚಿ ಕಳಿಸು. ಎಷ್ಟು ಸಲ ಬೇಕಾದರೂ.

ಇನ್ನೊಂದು ವಿಷಯವಿದೆ. ಕೊನೆಯ ದಿನ ದೊಡ್ಡ ಡಾಕ್ಟರು ಕರೆದರು ಎಂದು ನೀನು ಹತ್ತು ನಿಮಿಷ ಹೊರಗೆ ಹೋಗಿದ್ದೆಯಲ್ಲ, ಆಗ ಚುಕ್ಕಿ ತನ್ನ ತಾಯಿಗೆ ಒಂದು ಮಾತು ಹೇಳಿದಳು. ನಾನು ಎರಡು ಕೈ ಅಂತರದಲ್ಲಿದ್ದೆ, ನನಗೆ ಕೇಳಿಸುತ್ತದೆ ಎಂದು ಅವಳಿಗೆ ಗೊತ್ತಿತ್ತು. ನಾನು ತಲೆ ಎತ್ತಲಿಲ್ಲ. ಕತ್ತರಿ ತಪ್ಪಿ ಬೆರಳಿಗೆ ತಾಗಿತು, ಆಗಲೂ ಎತ್ತಲಿಲ್ಲ. ನೀನು ವಾಪಸ್ ಬಂದು ಬೆರಳಿಗೆ ಏನಾಯಿತು ಎಂದು ಕೇಳಿದಾಗ ಕಾಗದ ದಪ್ಪವಿತ್ತು ಎಂದೆ.

ಅವಳು ಏನು ಹೇಳಿದಳು ಎಂದು ನಾನು ಬರೆಯುವುದಿಲ್ಲ. ನಿನಗೆ ತಿಳಿಯಬೇಕಿದ್ದರೆ ಅವಳ ತಾಯಿ ಹೇಳುತ್ತಾರೆ, ಇಲ್ಲವೇ ಅವಳೇ ಎಂದಾದರೂ ಹೇಳುತ್ತಾಳೆ. ಇಲ್ಲಿ ಪಾಲುದಾರರಿಂದ ಬೇರೆಯಾದ ನನ್ನ ಪುಟ್ಟ ಕಚೇರಿಯಲ್ಲಿ ಇವತ್ತು ಎಲ್ಲರೂ ಸುತ್ತ ಸೇರಿ, ಹೇಗಿತ್ತು, ಮಗು ಮಾತಾಡಿತಾ ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಅಕ್ಕ